ಜಂಬುನಾಥರ ಅರವತ್ತು

ಬೆಳಕಿಗೆ ಹೆಜ್ಜೆ ಹಾಕಿಸುವುದನ್ನು ಕಲಿಸುವ ಒಬ್ಬ ಗುರು ಇದ್ದರು. ಹೆಸರು ಜಂಬುನಾಥ.

ಅವರು ಪಾಠ ಹೇಳುತ್ತಿದ್ದದ್ದು ಮರದ ಕೆಳಗಲ್ಲ. ದೊಡ್ಡ ವಿದ್ಯಾಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಒಂದು ಲ್ಯಾಬಿನಲ್ಲಿ.

ಅಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟು. ಉಗುರಿಗಿಂತ ಚಿಕ್ಕದಾದ ಒಂದು ಸಿಲಿಕಾನ್ ಚೂರು. ಅದರೊಳಗೆ ಕೂದಲೆಳೆಗಿಂತ ನೂರು ಪಾಲು ಸಣ್ಣ ಕಾಲುವೆ. ಆ ಕಾಲುವೆಯಲ್ಲಿ ಬೆಳಕು ಹರಿಯುತ್ತದೆ.

ನಡುವೆ ಕಾಲುವೆ ಎರಡು ಕವಲಾಗಿ ಮುಂದೆ ಮತ್ತೆ ಒಂದಾಗುತ್ತದೆ. ಒಂದು ಕವಲಿಗೆ ವಿದ್ಯುತ್ತಿನ ಸನ್ನೆ ಕೊಟ್ಟರೆ ಅಲ್ಲಿನ ಬೆಳಕು ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ. ಎರಡೂ ಹೆಜ್ಜೆ ಕೂಡಿ ಬಂದರೆ ಕೊನೆಯಲ್ಲಿ ಬೆಳಕು. ಹೆಜ್ಜೆ ತಪ್ಪಿ ಬಂದರೆ ಕತ್ತಲು.

ಬೆಳಕು, ಕತ್ತಲು, ಮತ್ತೆ ಬೆಳಕು. ಹೀಗೆ ಬರೆದದ್ದೇ ಮಾತಾಗಿ, ಚಿತ್ರವಾಗಿ, ಗಾಜಿನ ಎಳೆಯೊಳಗೆ ದೇಶ ದಾಟಿ ಹೋಗುತ್ತದೆ. ಆ ಚೂರಿಗೆ ಮಾಡ್ಯುಲೇಟರ್ ಎಂದು ಹೆಸರು.

ಎಷ್ಟು ಬೇಗ ಬರೆಯಬಲ್ಲದು ಎಂಬುದೇ ಅದರ ಯೋಗ್ಯತೆ. ಜಂಬುನಾಥರ ಚೂರು ಅರವತ್ತು ಗಿಗಾಹರ್ಟ್ಸ್ ಮುಟ್ಟಿತ್ತು. ಸೆಕೆಂಡಿಗೆ ಆರು ಸಾವಿರ ಕೋಟಿ ಸಲ. ಹನ್ನೊಂದು ವರ್ಷದ ಹಿಂದಿನ ಮಾತು. ಆ ಅಂಕಿ ಪಠ್ಯಪುಸ್ತಕಕ್ಕೂ ಸೇರಿತು.

ಆ ಅರವತ್ತನ್ನು ಓದಿಯೇ ಮೇದಿನಿ ಎಂಬ ಹುಡುಗಿ ಸಂಶೋಧನೆಗೆಂದು ಅವರ ಹತ್ತಿರ ಬಂದದ್ದು.

"ಮೊದಲು ನನ್ನ ಅರವತ್ತನ್ನ ನೀನೂ ಮಾಡಿ ತೋರಿಸು," ಎಂದರು ಗುರುಗಳು. "ಆಮೇಲೆ ಎಪ್ಪತ್ತರ ಮಾತಾಡೋಣ."

ಅವಳು ಮಾಡಿದಳು. ನಲವತ್ತೊಂದು ಬಂತು. ಇನ್ನೊಂದು ಚೂರು ಮಾಡಿಸಿ ಅಳೆದಳು. ನಲವತ್ತು.

ಎರಡನೆಯ ವರ್ಷ ಅವರ ಮುಂದೆ ಹೋಗಿ ನಿಂತಳು.

"ಸರ್, ನಲವತ್ತು ದಾಟ್ತಾನೇ ಇಲ್ಲ."

ಜಂಬುನಾಥರು ಅವಳು ತಂದ ಹಾಳೆಯನ್ನು ನೋಡಲಿಲ್ಲ. ಅವಳ ಬೆರಳುಗಳನ್ನು ನೋಡಿದರು.

"ಕೈ ಇನ್ನೂ ಪಳಗಬೇಕು."

ಅಷ್ಟೇ ಹೇಳಿದ್ದು. ಅದೇ ವರ್ಷ ಅವರಿಗೆ ನಿವೃತ್ತಿಯಾಯಿತು. ಹೆಂಡತಿ ತೀರಿಕೊಂಡು ಆಗಲೇ ಬಹಳ ದಿನವಾಗಿತ್ತು. ತುಂಗಭದ್ರೆಯ ದಂಡೆಯ ಒಂದು ಸಣ್ಣ ಆಶ್ರಮಕ್ಕೆ ಎರಡು ಪೆಟ್ಟಿಗೆ ತೆಗೆದುಕೊಂಡು ಹೊರಟುಹೋದರು. ಲ್ಯಾಬಿನ ಬೀಗದ ಕೈ ಮೇದಿನಿಗೆ ಕೊಟ್ಟರು.

"ಅಭ್ಯಾಸ ಬಿಡಬೇಡ."

ಅವಳು ಬಿಡಲಿಲ್ಲ. ಸಹಿ ಹಾಕಲು ಬೇರೆ ಪ್ರೊಫೆಸರ್ ಒಬ್ಬರು ಮೇಲಿನ ಮಹಡಿಯಲ್ಲಿದ್ದರು. ಕೆಳಗೆ ಅವಳೊಬ್ಬಳೇ.

ಮೇಜಿನ ಮೇಲೆ ಚೂರು. ಚೂರಿಗೆ ಊರಿದ ಸೂಜಿ. ಸೂಜಿಯಿಂದ ಯಂತ್ರಕ್ಕೆ ಹೋಗುವ ಕೇಬಲ್. ಪರದೆಯ ಮೇಲೆ ನಲವತ್ತರ ಹತ್ತಿರ ಬಂದು ಬಾಗುವ ಗೆರೆ.

ಒಂದು ಸೋಮವಾರ ಕ್ಯಾಂಟೀನಿನವನು "ಏನು ಕೊಡ್ಲಿ ಅಕ್ಕ?" ಅಂದ. ಅವಳ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕೆಮ್ಮಿ ಸರಿಮಾಡಿಕೊಂಡಳು. ಶುಕ್ರವಾರ ಮಧ್ಯಾಹ್ನದಿಂದ ತಾನು ಯಾರ ಹತ್ತಿರವೂ ಒಂದು ಮಾತಾಡಿಲ್ಲ ಎಂಬುದು ಆಗ ಹೊಳೆಯಿತು.

ಮನೆಗೆ ಫೋನ್ ಮಾಡುವುದನ್ನು ನಿಲ್ಲಿಸಿ ತಿಂಗಳುಗಳಾಗಿದ್ದವು. ಮಾಡಿದರೆ ಅಮ್ಮ ಕೇಳುತ್ತಾಳೆ, ಆಯ್ತಾ ಅಂತ. ಆಗಿಲ್ಲ ಎನ್ನಬೇಕು. ಯಾಕೆ ಎಂದರೆ, ನನ್ನ ಕೈ ಸರಿಯಿಲ್ಲ ಎನ್ನಬೇಕು.

ಐದನೆಯ ವರ್ಷ, ತಪಾಸಣೆಗೆ ಯಾರೋ ಬರುತ್ತಾರೆಂದು ಬೀರು ಖಾಲಿ ಮಾಡುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಮೂರು ನೋಟ್‌ಬುಕ್ ಸಿಕ್ಕವು. ಮೂರೂ ಅವಳಿಗಿಂತ ಮೊದಲು ಬಂದು, ಓದು ಅರ್ಧಕ್ಕೆ ಬಿಟ್ಟು ಹೋದವರವು. ಇಮಾಮ್, ಫಿಲೋಮಿನಾ, ತಿಪ್ಪೇಸ್ವಾಮಿ. ಅವರನ್ನು ಅವಳು ನೋಡಿರಲಿಲ್ಲ. ಹೆಸರು ಕೇಳಿದ್ದಳು. ಕೈಲಾಗದೆ ಹೋದವರು ಎಂದು.

ನೆಲದ ಮೇಲೆ ಕೂತು ಓದಿದಳು.

ಇಮಾಮನ ಕೊನೆಯ ಪುಟದಲ್ಲಿ ಮೂವತ್ತೊಂಬತ್ತು. ಫಿಲೋಮಿನಾಳದು ನಲವತ್ತೆರಡು. ತಿಪ್ಪೇಸ್ವಾಮಿ ನಲವತ್ತು ಎಂದು ಬರೆದು, ಕೆಳಗೆ ಪೆನ್ಸಿಲ್ಲಿನಲ್ಲಿ "ನನ್ನಲ್ಲೇ ಏನೋ ದೋಷ" ಎಂದು ಸೇರಿಸಿದ್ದ.

ಮೇದಿನಿ ಆ ಸಾಲನ್ನು ಬಹಳ ಹೊತ್ತು ನೋಡಿದಳು. ನಾಲ್ಕು ಜನರ ಕೈ ಒಂದೇ ಜಾಗದಲ್ಲಿ, ಒಂದೇ ಅಳತೆಗೆ ತಪ್ಪುವುದು ಹೇಗೆ?

ಎದ್ದು, ಗುರುಗಳ ಹಳೆಯ ಕಡತಗಳನ್ನು ತೆರೆದಳು. ಅಲ್ಲಿಯವರೆಗೆ ಯಾರೂ ಅವನ್ನು ತೆರೆದಿರಲಿಲ್ಲ. ಗುರುಗಳ ಲೆಕ್ಕವನ್ನು ಯಾರು ತೆರೆದು ನೋಡುತ್ತಾರೆ?

ತಪ್ಪು ಸಣ್ಣದು. ಸಿಗಲು ನಾಲ್ಕು ದಿನ ಹಿಡಿಯಿತು.

ಯಂತ್ರದಿಂದ ಚೂರಿಗೆ ಹೋಗುವ ಸಂಕೇತವನ್ನು ದಾರಿಯಲ್ಲಿ ಕೇಬಲ್ ಒಂದಿಷ್ಟು ತಿನ್ನುತ್ತದೆ. ತಿಂದಷ್ಟನ್ನು ಲೆಕ್ಕದಲ್ಲಿ ತುಂಬಿಕೊಡಬೇಕು. ಅದು ನ್ಯಾಯ. ಗುರುಗಳು ಅಳೆದ ದಿನ ಯಂತ್ರವೇ ಅದನ್ನು ತುಂಬಿಕೊಟ್ಟಿತ್ತು. ಆಮೇಲೆ ಗುರುಗಳು ಬರೆದ ಪ್ರೋಗ್ರಾಂ ಇನ್ನೊಮ್ಮೆ ತುಂಬಿತ್ತು. ಒಮ್ಮೆ ತುಳುಕಿದ ನೀರಿಗೆ ಎರಡು ಸಲ ನೀರು. ಆಮೇಲೆ ಬಂದ ನಾಲ್ವರು ಯಂತ್ರ ತುಂಬಿಕೊಟ್ಟಿದ್ದನ್ನಷ್ಟೇ ನಂಬಿ ಅಳೆದಿದ್ದರು.

ಎರಡನೆಯದನ್ನು ತೆಗೆದು ನೋಡಿದಳು. ಜಂಬುನಾಥರ ಅರವತ್ತು ನಲವತ್ತೊಂದಾಯಿತು.

ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇದನ್ನು ತಿಳಿದವರು ಜಗತ್ತಿನಲ್ಲಿ ತಾನೊಬ್ಬಳೇ ಎಂಬುದು ಆ ಕೋಣೆಯನ್ನು ಇನ್ನಷ್ಟು ಖಾಲಿ ಮಾಡಿತು. ಮೂರು ವಾರ ಯಾರಿಗೂ ಹೇಳದೆ ಇಟ್ಟುಕೊಂಡಳು. ಸುಮ್ಮನಿದ್ದರೂ ನಡೆಯುತ್ತಿತ್ತು. ಅವಳ ಪ್ರಬಂಧವೂ ಆ ಅರವತ್ತರ ಮೇಲೇ ನಿಂತಿತ್ತು.

ನಾಲ್ಕನೆಯ ವಾರ ಬಸ್ ಹತ್ತಿದಳು.

ಆಶ್ರಮವೆಂದರೆ ನಾಲ್ಕು ಕೋಣೆ, ಒಂದು ಅಡುಗೆಮನೆ, ಸುತ್ತ ಬಂಡೆಗಳು. ಬೇಸಿಗೆಯ ಹೊಳೆ ಆಚೆ ದಡಕ್ಕೆ ಸರಿದು ತೆಳ್ಳಗೆ ಹರಿಯುತ್ತಿತ್ತು. ಜಂಬುನಾಥರು ಜಗಲಿಯಲ್ಲಿ ಕೂತು ಹೆಸರುಕಾಳು ಆರಿಸುತ್ತಿದ್ದರು. ಸೊರಗಿದ್ದರು. ಕನ್ನಡಕ ದಪ್ಪವಾಗಿತ್ತು.

"ಯಾರು? ಮೇದಿನಿಯಾ?"

ಅವಳು ಕಾಲು ಮುಟ್ಟಲು ಬಗ್ಗಿದಳು. ಬಗ್ಗಿದವಳ ಬಾಯಿಂದ ಏಳುವ ಮೊದಲೇ ಮಾತು ಹೊರಬಿತ್ತು.

"ಸರ್, ಅರವತ್ತು ತಪ್ಪು."

ಅವರ ಬೆರಳು ಮೊರದ ಮೇಲೆ ನಿಂತಿತು.

"ಊಟ ಆಯ್ತಾ?"

"ಸರ್, ನಾನು ಹೇಳಿದ್ದು..."

"ಕೇಳಿಸ್ತು. ಊಟ ಆಯ್ತಾ ಅಂದೆ."

"ಇಲ್ಲ."

"ಮೊದಲು ಊಟ ಮಾಡು. ಕಾಗದಪತ್ರ ಎಲ್ಲ ತಂದಿದ್ದೀಯಾ?"

"ತಂದಿದ್ದೀನಿ. ಎಲ್ಲಿ ತಪ್ಪಿದೆ ಅಂತ ತೋರಿಸ್ತೀನಿ, ಐದು ನಿಮಿಷ ಸಾಕು."

"ತೋರಿಸಬೇಡ," ಎಂದರು ಜಂಬುನಾಥರು. "ಇಟ್ಟು ಹೋಗು."

ಕಡತಗಳನ್ನೂ ನೋಟ್‌ಬುಕ್‌ಗಳನ್ನೂ ಎದೆಗವಚಿಕೊಂಡು ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ಆದರೆ ಬಾಗಿಲಿಗೆ ಬೆನ್ನು ಹಾಕಿ ಕೂತರು.

ಮೇದಿನಿಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಅವಳು ಎರಡು ಉತ್ತರಗಳಿಗೆ ಸಿದ್ಧಳಾಗಿ ಬಂದಿದ್ದಳು. ಅವರು ಬೈದರೆ ತಾನೂ ಬೈಯುವುದು. ಅವರು ಅತ್ತರೆ ತಾನೂ ಅಳುವುದು. ಬೆನ್ನಿಗೆ ಏನು ಹೇಳುವುದು?

ಮರುದಿನವೂ ಬೆನ್ನು ಹಾಗೇ ಇತ್ತು. ಪೆನ್ಸಿಲ್ಲಿನ ಸದ್ದು, ಹಾಳೆ ಮಗುಚುವ ಸದ್ದು. ಯಂತ್ರವಿಲ್ಲದೆ, ಒಂದೊಂದೇ ಬಿಂದುವನ್ನು ಕೈಯಲ್ಲೇ ಗುಣಿಸಿ ಭಾಗಿಸಿ ನೋಡುತ್ತಿದ್ದರು.

ಅವಳು ಹೊಳೆಯ ಹತ್ತಿರ ಹೋಗಿ ಬಂಡೆಯ ಮೇಲೆ ಕೂತಳು. ನೀರಿನೊಳಗೆ ಕೈ ಇಟ್ಟಳು. ಹತ್ತು ಬೆರಳು. ಮೂರು ವರ್ಷ ಅವಳು ಇವುಗಳನ್ನು ದ್ವೇಷಿಸಿದ್ದಳು. ರಾತ್ರಿ ಊಟದ ತಟ್ಟೆ ತೊಳೆಯುವಾಗಲೂ ಇವುಗಳ ಮೇಲೆ ಕಣ್ಣಿಟ್ಟಿರುತ್ತಿದ್ದಳು, ಇವು ಎಲ್ಲಿ ನಡುಗುತ್ತವೆ ಎಂದು. ಇವು ಯಾವತ್ತೂ ನಡುಗಿರಲಿಲ್ಲ.

ನೀರು ತಣ್ಣಗಿತ್ತು. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಈಚೆಯೂ ಇರಲಿಲ್ಲ.

ಅಡುಗೆಯ ದ್ಯಾಮವ್ವ ಬಂದು ಅವಳ ಪಕ್ಕ ನಿಂತಳು.

"ಏನ್ ತಂದೀಯವ್ವಾ ನೀನು? ಮೇಷ್ಟ್ರು ಉಣ್ಣಾಕೂ ಬಂದಿಲ್ಲ."

ಮೇದಿನಿ ನೀರಿನಿಂದ ಕೈ ತೆಗೆದು ಒರೆಸಿಕೊಂಡಳು.

ಸಂಜೆ ಮುಂದೆ ಒಮ್ಮೆ ಮಾತ್ರ ಒಳಗಿನಿಂದ ಕರೆ ಬಂತು. ಅವರು ತಿರುಗದೆಯೇ ಕೇಳಿದರು.

"ಯಂತ್ರದಲ್ಲಿ ಕೇಬಲ್ ಲೆಕ್ಕ ಹಾಕಿದ ಫೈಲ್, ಅದರ ತಾರೀಖು ಏನು?"

"ನಿಮ್ಮ ಅಳತೆಗೆ ಎರಡು ದಿನ ಮೊದಲಿನದು ಸರ್. ನೀವು ಅಳೆಯೋ ಹೊತ್ತಿಗೆ ಯಂತ್ರ ಆಗಲೇ ತುಂಬಿಕೊಡ್ತಿತ್ತು."

"ಹೂಂ."

ಮೂರನೆಯ ಬೆಳಿಗ್ಗೆ ಜಂಬುನಾಥರು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಜಗಲಿಗೆ ಬಂದರು. ಕೈಯಲ್ಲಿ ಹದಿನಾರು ಹಾಳೆ. ಕೊನೆಯ ಹಾಳೆಯನ್ನು ಅವಳ ಮುಂದಿಟ್ಟರು.

ಅಡಿಯಲ್ಲಿ ಗೆರೆ ಎಳೆದು ಬರೆದಿತ್ತು: 40.8.

"ನನ್ನದು ನಲವತ್ತೊಂದು ಬಂತು ಸರ್."

"ನಾನು ಕೈಯಲ್ಲಿ ಮಾಡಿದ್ದು. ಅಷ್ಟು ವ್ಯತ್ಯಾಸ ಇರುತ್ತೆ."

"ನಾನು ಐದು ನಿಮಿಷದಲ್ಲಿ ತೋರಿಸ್ತಿದ್ದೆ. ನನ್ನ ಮೇಲೆ ನಂಬಿಕೆ ಇರಲಿಲ್ವಾ?"

"ನೀನು ಹೇಳಿದ ಕೂಡಲೇ ಹೂಂ ಅಂದಿದ್ರೆ, ಅದು ನಿನ್ನ ಮೇಲಿನ ಮಮತೆ ಆಗ್ತಿತ್ತು," ಎಂದರು. "ನಿನ್ನ ಕೆಲಸಕ್ಕೆ ಮಮತೆ ಬೇಕಿರಲಿಲ್ಲ."

ಅವಳು ಹಾಳೆಯನ್ನೇ ನೋಡುತ್ತಿದ್ದಳು. ಮೂರು ವಾರದಿಂದ ಕೇಳಬೇಕೆಂದಿದ್ದ ಪ್ರಶ್ನೆ ಈಗ ಬಂತು.

"ಕೈ ಪಳಗಬೇಕು ಅಂದ್ರಲ್ಲ ಸರ್. ಯಾಕೆ ಹಾಗಂದಿರಿ?"

"ನಿನ್ನ ಹಾಳೆ ನೋಡೋದಕ್ಕಿಂತ ಅದು ಸುಲಭ ಇತ್ತು."

"ನಿಮಗೆ ಅನುಮಾನ ಬಂದೇ ಇರಲಿಲ್ವಾ? ಒಂದು ಸಲವೂ?"

ಜಂಬುನಾಥರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಒಂದು ಸಲ ಬಂತು. ಇಮಾಮ್ ಬಂದು ಕೇಳಿದ ದಿನ. 'ಸರ್, ಕೇಬಲ್ ಲೆಕ್ಕ ಇನ್ನೊಂದು ಸಲ ನೋಡೋಣವಾ' ಅಂದ. ಅವತ್ತು ನಾನು ದೆಹಲಿಗೆ ಹೊರಟಿದ್ದೆ. ಒಂದು ಸನ್ಮಾನ ಇತ್ತು. ಬಂದ ಮೇಲೆ ನೋಡೋಣ ಅಂದೆ."

"ಬಂದು ನೋಡಿದಿರಾ?"

"ಬಂದೆ."

ಒಂದು ಕೊಕ್ಕರೆ ನೀರಿನಲ್ಲಿ ಒಂಟಿ ಕಾಲಲ್ಲಿ ನಿಂತಿತ್ತು. ಇಬ್ಬರೂ ಅದನ್ನು ನೋಡಿದರು.

"ಅದಕ್ಕೇ ಇಲ್ಲಿಗೆ ಬಂದಿರಾ ಸರ್?"

"ಗೊತ್ತಿಲ್ಲ. ಇಲ್ಲಿ ಯಾರೂ ನನ್ನನ್ನ ಏನೂ ಕೇಳೋದಿಲ್ಲ ಅಂತ ಸಮಾಧಾನ ಆಗಿದ್ದು ಮಾತ್ರ ನಿಜ."

ಒಳಗೆ ಹೋಗಿ ಇನ್ನೊಂದು ಹಾಳೆ ತಂದರು. ಅವರ ಅಂಕಿ ಅಚ್ಚಾಗಿದ್ದ ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದ. ತಪ್ಪು ಏನು, ಎಲ್ಲಿ, ಹೇಗೆ ಎಂದು ಏಳು ಸಾಲು. ಕಂಡುಹಿಡಿದವಳು ಮೇದಿನಿ ಎಂದು ಒಂದು ಸಾಲು. ಕೊನೆಯಲ್ಲಿ, 'ನನ್ನ ನಾಲ್ವರು ವಿದ್ಯಾರ್ಥಿಗಳ ಅಳತೆಗಳು ಮೊದಲಿನಿಂದಲೂ ಸರಿಯಾಗಿದ್ದವು' ಎಂದು ನಾಲ್ಕೂ ಹೆಸರು.

ಅವಳು ಎರಡು ಸಲ ಓದಿದಳು.

"ಇದು ಹೋದರೆ ಲ್ಯಾಬ್ ಉಳಿಯುತ್ತಾ?" ಎಂದು ಅವರು ಕೇಳಿದರು.

"ಗೊತ್ತಿಲ್ಲ ಸರ್. ನಿಮ್ಮ ಹೆಸರಿನ ಮೇಲೇ ಅದು ನಡೀತಿರೋದು."

"ನಿನ್ನ ಪ್ರಬಂಧ?"

"ಅರ್ಧ ಮತ್ತೆ ಬರೀಬೇಕು. ಇನ್ನೊಂದು ವರ್ಷ ಆಗುತ್ತೆ. ಕೊಡ್ತಾರೋ ಇಲ್ವೋ."

"ಕಳಿಸಲಾ ಹಾಗಾದ್ರೆ?"

ಗುರುಗಳು ತನ್ನನ್ನು ಅಪ್ಪಣೆ ಕೇಳುತ್ತಿದ್ದಾರೆ ಎಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೇಡ ಎನ್ನಬಹುದಿತ್ತು. ನನ್ನದು ಮುಗಿಯುವ ತನಕ ತಡೆಯಿರಿ ಎನ್ನಬಹುದಿತ್ತು. ತಡೆಯುತ್ತಿದ್ದರು ಕೂಡ. ನಾಲಿಗೆಯ ತುದಿಗೆ ಅದೇ ಬಂದಿತ್ತು. 'ನನ್ನಲ್ಲೇ ಏನೋ ದೋಷ' ಎಂಬ ಪೆನ್ಸಿಲ್ ಸಾಲು ಕಣ್ಣ ಮುಂದೆ ಹಾದುಹೋಯಿತು.

"ಕಳಿಸಿ ಸರ್."

"ಒಂದು ಅಕ್ಷರ ಬದಲಾಯಿಸದೆ ಟೈಪ್ ಮಾಡು."

ಆಶ್ರಮದಲ್ಲಿ ಸಿಗ್ನಲ್ ಇರಲಿಲ್ಲ. ಹಿಂದಿನ ಬಂಡೆ ಹತ್ತಬೇಕು. ಅವರು ಕೋಲೂರಿಕೊಂಡು, ಮೂರು ಕಡೆ ಕೂತು ಸುಧಾರಿಸಿಕೊಂಡು ಹತ್ತಿದರು. ಅವಳು ಕೈ ಕೊಡಲು ಹೋದರೆ ಬೇಡವೆಂದರು. ಮೇಲೆ ನಿಂತು ಅವಳು ಕಾಗದವನ್ನು ಕಳಿಸಿದಳು. ಕ್ಷಣವೂ ಹಿಡಿಯಲಿಲ್ಲ. ಎಲ್ಲೋ ಅದು ಬೆಳಕು ಕತ್ತಲುಗಳಾಗಿ ಸಮುದ್ರ ದಾಟಿ ಹೋಯಿತು.

"ಹೋಯ್ತಾ?"

"ಹೋಯ್ತು ಸರ್."

"ಅವರ ನಂಬರ್ ಇದೆಯಾ? ಆ ಮೂವರದು?"

ಹಳೆಯ ರಿಜಿಸ್ಟರಿನಿಂದ ಬರೆದು ತಂದಿದ್ದಳು. ಫಿಲೋಮಿನಾ ಫೋನ್ ಎತ್ತಲಿಲ್ಲ. ತಿಪ್ಪೇಸ್ವಾಮಿಯ ನಂಬರ್ ಈಗ ಬೇರೆ ಯಾರದೋ ಆಗಿತ್ತು. ಮೂರನೆಯದು ರಿಂಗಾಯಿತು. ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವ ಇಮಾಮ್ ಎತ್ತಿದ.

"ಇಮಾಮ್, ನಾನು ಜಂಬುನಾಥ."

ಆ ಕಡೆ ಕುರ್ಚಿ ಸರಿದ ಸದ್ದು. ಎದ್ದು ನಿಂತಿರಬೇಕು.

"ಸರ್! ನಮಸ್ಕಾರ ಸರ್. ಆರಾಮಿದ್ದೀರಾ ಸರ್?"

"ನಿನ್ನ ಮೂವತ್ತೊಂಬತ್ತು ಸರಿ ಇತ್ತು ಇಮಾಮ್. ನನ್ನ ಅರವತ್ತು ತಪ್ಪು. ಕೇಬಲ್ ಲೆಕ್ಕ ಎರಡು ಸಲ ಸೇರಿತ್ತು."

ಫೋನಿನೊಳಗೆ ಎಲ್ಲೋ ದೂರದಲ್ಲಿ ಮಕ್ಕಳ ಗದ್ದಲ. ಇಮಾಮನ ಉಸಿರು.

"ಯಾವಾಗ ಗೊತ್ತಾಯ್ತು ಸರ್ ನಿಮಗೆ?"

"ಗೊತ್ತಾಗಿದ್ದು ನಿನ್ನೆ. ಗೊತ್ತು ಮಾಡ್ಕೋಬೇಕಾಗಿದ್ದು ನೀನು ಬಂದು ಕೇಳಿದ ದಿನ."

"ಏಳು ವರ್ಷ ಆಯ್ತು ಸರ್."

"ಹೌದು."

ಆಮೇಲೆ ಇಮಾಮ್, ಮೊದಲಿನಷ್ಟೇ ವಿನಯದಿಂದ, "ಕ್ಲಾಸಿದೆ ಸರ್. ಮಕ್ಕಳು ಕಾಯ್ತಿದ್ದಾರೆ," ಎಂದು ಫೋನ್ ಇಟ್ಟ.

ಜಂಬುನಾಥರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಬಿಸಿಲು ಏರುತ್ತಿತ್ತು. ಮೇದಿನಿಗೆ ಅದನ್ನು ಅವರ ಕೈಯಿಂದ ತೆಗೆದುಕೊಳ್ಳಬೇಕು ಅನ್ನಿಸಿತು. ತೆಗೆದುಕೊಳ್ಳಲಿಲ್ಲ. ಅವರ ಪಕ್ಕದಲ್ಲಿ, ಅದೇ ಬಂಡೆಯ ಮೇಲೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಅವರೇ ಫೋನ್ ಹಿಂದಿರುಗಿಸಿದರು.

ಇಳಿಯುವಾಗ ಅವಳ ಕೈ ಹಿಡಿದುಕೊಂಡರು.

ಮಧ್ಯಾಹ್ನದ ಬಸ್ಸಿಗೆ ಅವಳನ್ನು ಬಿಡಲು ರಸ್ತೆಯವರೆಗೂ ಬಂದರು. ನೆರಳಿಗೆ ಒಂದು ಹುಣಸೆಮರ ಇತ್ತು. ದೂರದಲ್ಲಿ ಧೂಳು ಕಂಡಿತು.

ಮೂರು ದಿನ ತಾನು ಕೋಪ ಮಾಡಿಕೊಂಡಿದ್ದ ಈ ಮುದುಕರನ್ನು ಬಿಟ್ಟು ಹೋಗುವುದು ಈಗ ಮೇದಿನಿಗೆ ಕಷ್ಟವಾಯಿತು. ತನಗಾದರೆ ನಾಳೆ ಬೆಳಿಗ್ಗೆ ಆ ಕೋಣೆ ಇದೆ, ಮೇಜಿದೆ, ಮತ್ತೆ ಬರೆಯಬೇಕಾದ ಪ್ರಬಂಧವಿದೆ. ಇವರಿಗೆ? ಇನ್ನು ಪಠ್ಯಪುಸ್ತಕದಲ್ಲಿ ಹೆಸರೂ ಇರುವುದಿಲ್ಲ. ಬರುವವರೂ ಬರುವುದಿಲ್ಲ.

"ಇನ್ಮೇಲೆ ಒಬ್ಬರೇ ಆಗಿಬಿಡ್ತೀರಿ ಸರ್," ಎಂದಳು. "ಒಂಟಿ ಅನ್ನಿಸೋದಿಲ್ವಾ?"

ಬಸ್ ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಬೇಗ ಹತ್ತುವಂತೆ ಹೇಳಿದ. ಜಂಬುನಾಥರು ಅವಳ ಚೀಲವನ್ನು ಎತ್ತಿ ಒಳಗಿಟ್ಟರು.

"ಹನ್ನೊಂದು ವರ್ಷ ನನ್ನ ಲೆಕ್ಕವನ್ನ ಯಾರೂ ತಿದ್ದಲಿಲ್ಲ ಮೇದಿನಿ. ಒಂಟಿಯಾಗಿದ್ದೆ. ಮೊನ್ನೆ ನೀನು ಬಸ್ ಇಳಿಯೋ ತನಕ."